ತಪ್ಪಿಸಿ ಹೊಡೆಯುವ ಬಂದೂಕು

ಮಾಗಿಯ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ನೀವೂ ಕಂಡಿರುತ್ತೀರಿ. ಸಂಜೆ ತಿಳಿನೀರಿನಂತಿದ್ದದ್ದು ಬೆಳಗಿನ ಹೊತ್ತಿಗೆ ಬೆಳ್ಳಗೆ ಕಲ್ಲಾಗಿ, ಶೀಶೆಯನ್ನು ತಲೆಕೆಳಗು ಮಾಡಿದರೂ ಒಂದು ತೊಟ್ಟು ಕೊಡದೆ, ಮುನಿಸಿಕೊಂಡ ಬಂಧುವಿನಂತೆ ಕುಳಿತುಬಿಡುತ್ತದೆ. ನಮ್ಮ ತಿಪಟೂರು ಸೀಮೆಯ ಹೆಂಗಸರಿಗೆ ಅದನ್ನು ಓಲೈಸಿ ಕರಗಿಸುವುದೂ ಚಳಿಗಾಲದ ನಿತ್ಯಕರ್ಮಗಳಲ್ಲಿ ಒಂದು. ಆ ಭಾನುವಾರವೂ ನಾನು ಎದ್ದು, ಬಾಗಿಲಿಗೆ ನೀರು ಚಿಮುಕಿಸಿ, ನಾಲ್ಕೆಳೆಯ ರಂಗೋಲಿ ಎಳೆದು, ಬಚ್ಚಲ ಒಲೆಗೆ ಎರಡು ತೆಂಗಿನ ಮಟ್ಟೆ ತುರುಕಿ, ಶೀಶೆಯನ್ನು ಹಂಡೆಯ ಪಕ್ಕದ ಕಟ್ಟೆಯ ಮೇಲಿಟ್ಟು, ಅದರ ಅಂಚು ಕರಗಿ ಒಳಗಿನ ಬಿಳಿಯ ಮುದ್ದೆ ಮೆಲ್ಲನೆ ಜಾರತೊಡಗುವುದನ್ನು ನೋಡುತ್ತ ಕುಳಿತಿದ್ದೆ. ಹೊರಗೆ ತೋಟದ ತುಂಬ ಮಂಜು. ಮರಗಳ ಕಾಂಡಗಳು ಕಾಣುತ್ತಿದ್ದವೇ ಹೊರತು ಗರಿಗಳು ಕಾಣುತ್ತಿರಲಿಲ್ಲ. ಕಣ್ಣಿಗೆ ಬೀಳದ ಯಾವುದೋ ಚಾವಣಿಯನ್ನು ಹೊತ್ತ ಕಂಬಗಳ ಸಾಲಿನ ನಡುವೆ ನಮ್ಮ ಮನೆಯನ್ನು ಯಾರೋ ಮರೆತು ಇಟ್ಟು ಹೋದಂತೆ ತೋರುತ್ತಿತ್ತು.

ನೋಡುವುದಕ್ಕೆ ಎಣ್ಣೆಯನ್ನು ನೋಡುತ್ತಿದ್ದೆನಾದರೂ ಕಿವಿಯೆಲ್ಲ ತೋಟದ ಪೂರ್ವದ ಅಂಚಿನಲ್ಲಿತ್ತು. ನಮ್ಮವರು ನಸುಕಿನಲ್ಲಿಯೇ ಎದ್ದು, ಕಿವಿಮುಚ್ಚುವ ಟೋಪಿ ಧರಿಸಿ, ಹೊಸ ರೈಫಲ್ಲನ್ನು ಹೆಗಲಿಗೇರಿಸಿಕೊಂಡು ಅತ್ತ ಹೋಗಿದ್ದರು. ನರಿ ಬರುವ ಹಾದಿ ಅದು. ಅದರ ಆಚೆಗೆ ಗೌರಕ್ಕನ ಕುರಿಹಟ್ಟಿ.

ಗೌರಕ್ಕ ನಮ್ಮ ನೆರೆತೋಟದವಳು. ಗಂಡ ತೀರಿಹೋಗಿ ಆರೇಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ; ಒಂದು ಸಣ್ಣ ತೆಂಗಿನ ತುಂಡು, ಎರಡು ಅಂಕಣದ ಮನೆ, ಹದಿನಾಲ್ಕು ಕುರಿಗಳು ಅವಳ ಸಂಸಾರ. ಆ ವರ್ಷ ದೀಪಾವಳಿಯಿಂದೀಚೆಗೆ ಮೂರು ಮರಿಗಳನ್ನು ನರಿ ಹೊತ್ತೊಯ್ದಿತ್ತು. ಚಿಕ್ಕನಾಯಕನಹಳ್ಳಿಯ ಆಚೆ, ಬೋರನಕಣಿವೆಯ ನೀರು ಹರಿಯುವ ಕಡೆ ಅವಳ ತಮ್ಮ ಗಂಗಾಧರನ ಹೊಲವಿತ್ತು. ಸುದ್ದಿ ತಿಳಿದ ಅವನು ಸಂಕ್ರಾಂತಿ ಕಳೆದ ಭಾನುವಾರ ಲಗೇಜ್ ಆಟೋ ತಂದು ಕುರಿಗಳನ್ನೂ ಅಕ್ಕನನ್ನೂ ಒಟ್ಟಿಗೆ ಕರೆದುಕೊಂಡು ಹೋಗುವುದಾಗಿ ಹೇಳಿಕಳಿಸಿದ್ದ. ಒಳ್ಳೆಯ ಮಾತೇ, ಕೆಟ್ಟವನಲ್ಲ ಅವನು. ಆದರೆ ಗೌರಕ್ಕ ಒಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ, ತಲೆಯೆತ್ತದೆ ಹೇಳಿದ್ದಳು: "ಕುರಿ ಇದ್ರೆ ನಾನು ಈ ಊರೋಳು ಕಣವ್ವ. ಕುರಿ ಹೋದ್ರೆ ತಮ್ಮನ ಮನೆಯೋಳು. ಅಲ್ಲಿ ನಂಗೆ ಅನ್ನ ಐತೆ, ಬಾಗ್ಲಿಲ್ಲ." ಆ ಮಾತು ಕೇಳಿದ ಮೇಲೆ ನನಗೆ ಎಷ್ಟೋ ದಿನ ನಮ್ಮ ಮನೆಯ ಚಿಲಕ ಹಾಕುವಾಗಲೆಲ್ಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ತನ್ನದೆಂಬ ಬಾಗಿಲನ್ನು ತಾನೇ ಮುಚ್ಚಿಕೊಳ್ಳುವುದು ಎಂಥ ಐಶ್ವರ್ಯವೆಂದು ಅಲ್ಲಿಯ ತನಕ ನಾನು ಯೋಚಿಸಿರಲಿಲ್ಲ.

ನಮ್ಮ ಮಾವನವರ ಕಾಲದ ಒಂದು ಕೇಪಿನ ಕೋವಿ ಮನೆಯಲ್ಲಿತ್ತು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಆ ಕೋವಿ ನನಗೆ ತಿಳಿದಂತೆ ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಸಿಕೊಂಡು, ಮುಗಿದ ಮೇಲೆ ಬಸ್ಸಿನಲ್ಲಿ ಮರಳಿ, ಆಯುಧಪೂಜೆಯ ದಿನ ಕುಂಬಳಕಾಯಿಯ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಕುಳಿತದ್ದಲ್ಲದೆ ಬೇರೇನೂ ಪರಾಕ್ರಮ ಮೆರೆದಿರಲಿಲ್ಲ. ಮಾವನವರು ಹೋದ ಮೇಲೆ ಪರವಾನಗಿ ನಮ್ಮವರ ಹೆಸರಿಗೆ ಬಂತು. ಕೋವಿಯ ನಳಿಗೆಯಲ್ಲಿ ಮಾತ್ರ ಕಣಜ ಗೂಡು ಕಟ್ಟಿತ್ತು. ಗೌರಕ್ಕನ ಮೂರನೆಯ ಮರಿ ಹೋದ ದಿನ ನಮ್ಮವರು, ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ಇರುವೆ ಸಾಲನ್ನೂ ದಾಟಿ ಹೆಜ್ಜೆಯಿಡುವವರು, ಊಟದ ತಟ್ಟೆಯ ಮುಂದೆ ಕುಳಿತು ಹೊಸ ಬಂದೂಕು ತರುವುದಾಗಿ ಘೋಷಿಸಿದರು.

ನರಿಯನ್ನು ಕೊಲ್ಲುವುದಕ್ಕೆ ಕಾನೂನಿನ ಸಮ್ಮತಿಯಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನರಿಗೆ ಮಾತ್ರ ಕುರಿಮರಿಯ ವಿಷಯದಲ್ಲಿ ಯಾವ ಕಾನೂನನ್ನೂ ಯಾರೂ ಓದಿ ಹೇಳಿರಲಿಲ್ಲ. ಹಾಗಾಗಿ ಅವರು ಗಣಿತದವರಿಗೆ ತಕ್ಕ ಒಂದು ಮಾರ್ಗ ಹುಡುಕಿದರು. ನರಿಗೆ ಹೊಡೆಯುವುದಿಲ್ಲ, ಅದರ ಮೂತಿಯ ಮುಂದೆ, ಒಂದು ಗೇಣು ದೂರದ ಮಣ್ಣಿಗೆ ಹೊಡೆಯುವುದು. ಮಣ್ಣು ಎದ್ದು ಮುಖಕ್ಕೆ ರಾಚಿದರೆ ಅದು ಈ ದಿಕ್ಕಿಗೆ ಮತ್ತೆ ತಲೆ ಹಾಕದೆಂಬುದು ಅವರ ಪ್ರಮೇಯ.

ಬಂದೂಕು ಆರಿಸಲು ಇಬ್ಬರೂ ಬೆಂಗಳೂರಿಗೆ ಹೋದೆವು. ಸೀರೆಯಂಗಡಿಯಲ್ಲಿ ಅವರು ಮೂಲೆಯ ಸ್ಟೂಲಿನ ಮೇಲೆ ಎಷ್ಟು ವಿನಯದಿಂದ ಕುಳಿತಿರುತ್ತಾರೋ ಅಷ್ಟೇ ವಿನಯದಿಂದ ನಾನು ಬಂದೂಕಿನ ಅಂಗಡಿಯಲ್ಲಿ ಕುಳಿತೆ. ಅಂಗಡಿಯ ಯಜಮಾನರು ವಯಸ್ಸಾದವರು, ಅತ್ತರಿನ ಪರಿಮಳದವರು. ಮೊದಲು ಜೋಡಿ ನಳಿಗೆಯ ಕೋವಿ ತೋರಿಸಿದರು. ಅದರ ಮದ್ದು ತುಂಬಿದ ತೋಟಾದಿಂದ ಚಿಲ್ಲುಗುಂಡುಗಳು ಕೈಯಗಲ ಚೆದುರುತ್ತವೆ, ಗುರಿ ಅಷ್ಟಿಷ್ಟಾದರೂ ಒಂದಲ್ಲ ಒಂದು ತಾಗಿಯೇ ತಾಗುತ್ತದೆ ಎಂದು ಹೊಗಳಿದರು. ಅದೇ ಬೇಡವೆಂದು ನಮ್ಮವರು ತಲೆಯಾಡಿಸಿದರು. ತಾಗಿಸುವುದಕ್ಕೆ ಸಾಧಾರಣ ಕೋವಿ ಸಾಕು, ತಾಗದಂತೆ ಹೊಡೆಯುವುದಕ್ಕೆ ಒಂದೇ ಗುಂಡು ಒಂದೇ ಜಾಗಕ್ಕೆ ಹೋಗುವಂಥದು ಬೇಕು ಎಂದು ಅವರು ವಿವರಿಸುತ್ತಿದ್ದಂತೆ ಯಜಮಾನರ ಮುಖ ನಿಧಾನವಾಗಿ ಅಗಲವಾಯಿತು.

"ನಲವತ್ತು ವರ್ಷದಿಂದ ಕೂತಿದೀನಿ ಸ್ವಾಮಿ," ಎಂದರು. "ತಪ್ಪಿಸೋಕೆ ಅಂತ ರೈಫಲ್ ಕೇಳಿದೋರು ನೀವೇ ಮೊದ್ಲು. ತಪ್ಪಿಸೋದನ್ನ ನಮ್ ಗಿರಾಕಿಗಳು ಹಾಗೇ ಮಾಡ್ತಾರೆ, ಪುಕ್ಕಟೆ."

ಆಮೇಲೆ ಅವರೂ ಉತ್ಸಾಹಗೊಂಡರು. ದೊಡ್ಡ ಗುಂಡಿನ ರೈಫಲ್ಲೊಂದನ್ನು ಎತ್ತಿ ತೋರಿಸಿ, ಹಂದಿಗಾದರೆ ಇದು, ನರಿಯ ಮುಂದಿನ ಮಣ್ಣಿಗೆ ಇದು ಅತಿ ಎಂದು ತಾವೇ ಬದಿಗಿಟ್ಟರು. ಕೊನೆಗೆ ಬಂದದ್ದು ಪಾಯಿಂಟ್ ಟೂ ಟೂ ಎಂಬ ಸಣ್ಣ ಗುಂಡಿನ ರೈಫಲ್, ಬೋಲ್ಟಿನದು. ಬೋಲ್ಟೆಂದರೆ ಬೇರೇನಲ್ಲ, ಬಾಗಿಲ ಚಿಲಕವೇ: ಮೇಲೆತ್ತಿ ಹಿಂದಕ್ಕೆಳೆದರೆ ಹಳೆಯ ತೋಟಾ ಹೊರಕ್ಕೆ, ಮುಂದೆ ತಳ್ಳಿ ಕೆಳಗೆ ಮಡಿಸಿದರೆ ಹೊಸ ತೋಟಾ ಒಳಕ್ಕೆ. ಆ ಸಪ್ಪಳ ನನಗೆ ಹಿಡಿಸಿತು. ಒಂದಾದ ಮೇಲೆ ಒಂದು, ಪ್ರತಿ ಸಲವೂ ಕೈಯಾರೆ ಮಾಡಬೇಕಾದ ಕೆಲಸ, ಆತುರಗಾರರಿಗೆ ಹೇಳಿಸಿದ್ದಲ್ಲ. ನಲವತ್ತೈದು ದಾಟಿದ ನಮ್ಮವರ ಕಣ್ಣಿಗೆ ನಳಿಗೆಯ ಹಿಂದಿನ ಗುರಿಗಿಂಡಿ ಕಂಡರೆ ಮುಂದಿನ ಮೊನೆ ಕಾಣದು, ಮೊನೆ ಕಂಡರೆ ನರಿ ಕಾಣದು ಎಂಬ ಸ್ಥಿತಿಯಿದ್ದುದರಿಂದ ಮೇಲೊಂದು ಪುಟ್ಟ ದುರ್ಬೀನನ್ನೂ ಕೂಡಿಸಿಕೊಂಡೆವು. ಅದರಲ್ಲಿ ನಾನೂ ಇಣುಕಿದೆ. ರಸ್ತೆಯಾಚೆಯ ಉಪ್ಪರಿಗೆಯಲ್ಲಿ ಯಾವಳೋ ಒಬ್ಬಳು ಒದ್ದೆ ಕೂದಲು ಹರಡಿಕೊಂಡು ಬಿಸಿಲಿಗೆ ಕಣ್ಣುಮುಚ್ಚಿ ನಿಂತಿದ್ದಳು. ಅವಳ ಕೆನ್ನೆಯ ಮೇಲೆ ಅಂಟಿದ್ದ ಒಂದು ಎಳೆ ಕೂದಲೂ ಕಂಡಿತು. ಗುರಿಗೆಂದು ಗಾಜಿನ ಮೇಲೆ ಎಳೆದಿದ್ದ ಆ ಕೂಡುಗೆರೆಗಳ ನಡುವೆ ಅಷ್ಟು ನೆಮ್ಮದಿಯ ಮುಖವೊಂದು ಬಂದದ್ದಕ್ಕೆ ನಾಚಿ ಥಟ್ಟನೆ ಕಣ್ಣು ತೆಗೆದೆ.

ತಂದ ಮೇಲೆ ಅದನ್ನು ಹದಗೊಳಿಸುವ ಪರ್ವ. ಬಂದೂಕಿನ ಹಿಮ್ಮರ, ಹೆಗಲಿಗೆ ಊರುವ ಮರದ ಭಾಗ, ನಮ್ಮವರ ತೋಳಿಗೆ ಒಂದು ಬೆರಳು ಉದ್ದವಾಗಿತ್ತು. ತಿಪಟೂರಿನ ಬಡಗಿ ಅದನ್ನು ಕೊಯ್ದು ಸರಿಮಾಡಿಕೊಟ್ಟ. ಹೆಗಲಿಗೇರಿಸುವ ಪಟ್ಟಿಯನ್ನು ನಾನೇ ದಪ್ಪ ಕ್ಯಾನ್ವಾಸಿನಲ್ಲಿ ಹೊಲಿದೆ. ನಳಿಗೆ ಊರಲು ಚೀಲವೊಂದಕ್ಕೆ ತೆಂಗಿನ ನಾರಿನ ಪುಡಿ ತುಂಬಿ ದಿಂಬು ಮಾಡಿದೆವು. ದೂರ ಅಳೆಯಲು ಟೇಪು ಬೇಕಾಗಲಿಲ್ಲ. ನಮ್ಮ ತೋಟದಲ್ಲಿ ಮರದಿಂದ ಮರಕ್ಕೆ ಮೂವತ್ತಡಿ ಎಂದು ಮಾವನವರು ಹಗ್ಗ ಹಿಡಿದು ನೆಡಿಸಿದ್ದರು. ಐದು ಮರ ಎಣಿಸಿದರೆ ನೂರೈವತ್ತಡಿ. ಐದನೆಯ ಮರದ ಆಚೆ, ತೋಟದ ಪೂರ್ವಕ್ಕಿದ್ದ ಕೆರೆಯ ಏರಿಯ ಮಣ್ಣಿಗೆ ಒರಗಿಸಿ ಒಂದು ತೆಂಗಿನ ಕರಟವಿಟ್ಟು, ದುರ್ಬೀನಿನ ತಿರುಪನ್ನು ಒಂದೊಂದೇ ಕಟಕ್ಕು ತಿರುಗಿಸುತ್ತ ಗುಂಡು ಎಲ್ಲಿ ಬೀಳುತ್ತದೆಂದು ಹುಡುಕುವುದು. ಹಿಂದೆ ಮಣ್ಣಿನ ಗೋಡೆಯಿಲ್ಲದ ಕಡೆಗೆ ಬಂದೂಕು ಎತ್ತಕೂಡದೆಂಬ ಅಂಗಡಿಯವರ ಮಾತನ್ನು ನಮ್ಮವರು ಶಿಷ್ಯನಂತೆ ಪಾಲಿಸಿದರು. ಆದರೆ ಗುಂಡುಗಳು ಮಾತ್ರ ಮಂಡಲ ಹಾಕಿದಂತೆ ಸುತ್ತೆಲ್ಲ ಬೀಳುತ್ತಿದ್ದವು.

ಆಗ ನನಗೆ ತುಮಕೂರಿನ ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ನೆನಪಾದರು. ಸೂಜಿಗೆ ದಾರ ಪೋಣಿಸುವಾಗ ನಾವೆಲ್ಲ ಎದೆಯುಬ್ಬಿಸಿ ಉಸಿರು ಬಿಗಿಹಿಡಿಯುತ್ತಿದ್ದೆವು. ಅವರು ಹಿಂದೆ ಬಂದು ನಿಂತು, ಪೂರ್ತಿ ಹಿಡಿಯಬೇಡಿ, ಪೂರ್ತಿ ಬಿಡಲೂ ಬೇಡಿ, ಅರ್ಧ ಬಿಟ್ಟು ಸುಮ್ಮನೆ ನಿಲ್ಲಿ, ದಾರ ತಾನೇ ದಾರಿ ಹುಡುಕುತ್ತದೆ ಎನ್ನುತ್ತಿದ್ದರು. ಪರವಾನಗಿ ಇಲ್ಲದ ನಾನು ಬಂದೂಕು ಹಾರಿಸುವಂತಿರಲಿಲ್ಲ. ಆದರೆ ಗಂಡನ ಉಸಿರಿನ ಉಸ್ತುವಾರಿಗೆ ಪರವಾನಗಿ ಬೇಕೆಂದು ಯಾವ ಕಾಯಿದೆಯಲ್ಲೂ ಇಲ್ಲ. ಪಕ್ಕದಲ್ಲಿ ಚಾಪೆ ಹಾಕಿ ಕುಳಿತು "ಬಿಡಿ... ಸಾಕು, ನಿಲ್ಸಿ" ಎನ್ನತೊಡಗಿದೆ. ಎರಡು ಭಾನುವಾರಗಳಲ್ಲಿ ಅವರ ಗುಂಡುಗಳು ಕರಟದ ಎಡಕ್ಕೆ ಸರಿಯಾಗಿ ಒಂದು ಗೇಣಿನಲ್ಲಿ, ಒಂದು ಕಾಸಿನಗಲದೊಳಗೆ ಬೀಳತೊಡಗಿದವು. ಕರಟಕ್ಕೆ ಒಂದು ಗೀರೂ ಇಲ್ಲ. ಏರಿಯ ಮೇಲೆ ಹಾದುಹೋಗುತ್ತಿದ್ದವರು ನಿಂತು ನೋಡಿ, ಮೇಷ್ಟ್ರಿಗೆ ಗುರಿ ಬರುತ್ತಿಲ್ಲವೆಂದು ಮರುಗಿ ಮುಂದೆ ಹೋಗುತ್ತಿದ್ದರು. ನಾವಿಬ್ಬರೂ ಪರಮ ಸಂತೋಷದಲ್ಲಿದ್ದೆವು.

ಇನ್ನು ಅದನ್ನು ಇಡುವುದೆಲ್ಲಿ? ಮನೆಯಲ್ಲಿ ಬೀಗವಿದ್ದದ್ದು ನನ್ನ ಕಬ್ಬಿಣದ ಬೀರುವಿಗೆ ಮಾತ್ರ. ನನ್ನ ರೇಷ್ಮೆ ಸೀರೆಗಳ ಪಕ್ಕದಲ್ಲಿ, ಧಾರೆಯ ಸೀರೆಗೆ ಒರಗಿಕೊಂಡು ರೈಫಲ್ ನಿಂತಿತು. ಒಂದೇ ವಾರದಲ್ಲಿ ಸೀರೆಗಳಿಗೆಲ್ಲ ಗ್ಯಾರೇಜಿನ ವಾಸನೆ. ಅಂಗಡಿಯವರು ಕೊಟ್ಟಿದ್ದ ಬಂದೂಕಿನೆಣ್ಣೆಯ ಪ್ರಭಾವ ಅದು. ಒಂದು ದಿನ ನಮ್ಮವರು ಬೋಲ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟು ಶಾಲೆಗೆ ಹೋಗಿದ್ದರು. ನಾನು ಅದರ ಎಣ್ಣೆಯನ್ನೆಲ್ಲ ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ ತೆಗೆದು, ನಮ್ಮದೇ ಅಟ್ಟದ ಕೊಬ್ಬರಿಯಿಂದ ಗಾಣದಲ್ಲಿ ಆಡಿಸಿದ ಎಣ್ಣೆಯನ್ನು, ಬತ್ತಿಯ ತುದಿಯಿಂದ, ಸಂದುಗೊಂದುಗಳಿಗೆಲ್ಲ ಬಿಟ್ಟೆ. ಸಂಕೋಚ ಯಾಕೆ? ನಮ್ಮ ಸೀಮೆಯಲ್ಲಿ ಕೊಬ್ಬರಿ ಎಣ್ಣೆ ಕಾಣದ ಕೀಲು ಯಾವುದಿದೆ? ಗೇಟಿನ ತಿರುಗಣಿಗೆ ಅದೇ, ಸೈಕಲ್ ಚೈನಿಗೆ ಅದೇ, ಹೊಲಿಗೆ ಯಂತ್ರಕ್ಕೆ ಅದೇ, ಬಾಣಂತಿಯ ಬೆನ್ನಿಗೂ ಕೂಸಿನ ನೆತ್ತಿಗೂ ಅದೇ. ಸಂಜೆ ಬಂದು ಬೋಲ್ಟ್ ಎಳೆದು ನೋಡಿದ ನಮ್ಮವರು, ಬೆಣ್ಣೆಯ ಹಾಗಿದೆ ಕಣೇ ಎಂದು ಬೆರಗಾದರು. ಬೀರುವಿನೊಳಗೆ ಮತ್ತೆ ರೇಷ್ಮೆಯ ವಾಸನೆ ಮರಳಿತು. ಗೃಹಿಣಿಯಾಗಿ ನನ್ನ ಬಗ್ಗೆ ನನಗೆ ಅಪಾರ ಗೌರವ ಮೂಡಿದ ದಿನಗಳಲ್ಲಿ ಅದೂ ಒಂದು. ಅದರ ಬೆನ್ನಿಗೇ ಸಂಕ್ರಾಂತಿಯ ಚಳಿ ಇಳಿಯಿತು.

ಹೀಗೆ ಆ ಭಾನುವಾರ ಬಚ್ಚಲ ಒಲೆಯ ಮುಂದೆ ಕುಳಿತು ನಾನು ಕಾಯುತ್ತಿದ್ದದ್ದು ಒಂದು ಸದ್ದಿಗಾಗಿ. ಮಧ್ಯಾಹ್ನ ಗಂಗಾಧರ ಬರುವವನಿದ್ದ. ಬೆಳಿಗ್ಗೆಯೇ ನರಿಗೆ ಬುದ್ಧಿ ಕಲಿಸಿದ ವಾರ್ತೆ ಸಿಕ್ಕಿದರೆ ಗೌರಕ್ಕನಿಗೆ ತಮ್ಮನ ಮುಂದೆ ಆಡಲು ಒಂದು ಮಾತಾಗುತ್ತಿತ್ತು. ಸದ್ದು ಬರಲಿಲ್ಲ. ಬದಲಿಗೆ "ಹೋಯ್, ಹೋಯ್" ಎಂಬ ಕೂಗು ಮಂಜಿನೊಳಗಿಂದ ತೇಲಿಬಂತು. ಹತ್ತು ನಿಮಿಷದ ಮೇಲೆ ನಮ್ಮವರು ಒಂದೇ ಕಾಲಿನ ಚಪ್ಪಲಿಯಲ್ಲಿ ಬಂದರು.

"ಬಂತು ಕಣೇ," ಎಂದು ಕಟ್ಟೆಯ ಮೇಲೆ ಕುಳಿತರು. "ಐದನೇ ಮರದ ಹತ್ರಾನೇ ನಿಂತ್ಕೊಂತು, ನಾನೇ ನಿಲ್ಲಿಸಿದ ಹಾಗೆ. ಹಿಂದೆ ಏರಿ ಮಣ್ಣು. ಮೂತಿಯಿಂದ ಒಂದು ಗೇಣು ಇಟ್ಟೆ, ಅರ್ಧ ಉಸಿರು ಬಿಟ್ಟೆ, ಬಂದೂಕಿನ ಕುದುರೆ ಎಳೆದೆ. ಟಿಕ್ ಅಂತು."

"ಆಮೇಲೆ?"

"ಆಮೇಲೆ ಏನು. ಅದು ನನ್ನ ನೋಡ್ತು, ನಾನು ಅದನ್ನ ನೋಡ್ದೆ. ಬೋಲ್ಟ್ ಎಳೆಯೋಕೆ ಹೋದ್ರೆ ಕೈಗೇ ಬರ್ತಿಲ್ಲ, ಬೆಲ್ಲದ ಪಾಕದಲ್ಲಿ ಸಿಕ್ಕಿದ ಹಾಗೆ. ಕೊನೆಗೆ ಚಪ್ಲಿ ಎಸೆದೆ. ಅದನ್ನ ಮೂಸಿ ನೋಡ್ಕೊಂಡು ನಿಧಾನಕ್ಕೆ ಹೋಯ್ತು."

ಕುರಿಮರಿಗಳಿಗೆ ಏನೂ ಆಗಿರಲಿಲ್ಲವೆಂದು ಸಮಾಧಾನದ ಉಸಿರು ಬಿಡುತ್ತಿದ್ದವಳು ಹಾಗೆಯೇ ಅರ್ಧಕ್ಕೆ ನಿಂತೆ. ನನ್ನ ಕೈಯಲ್ಲಿ ಶೀಶೆಯಿತ್ತು. ಒಲೆಯ ಕಡೆಯ ಅರ್ಧ ತಿಳಿಯಾಗಿ, ಇನ್ನರ್ಧ ಬೆಳ್ಳಗೆ ಗಟ್ಟಿಯಾಗಿ, ತಾನು ಏನೂ ಮಾಡಿಲ್ಲವೆಂಬ ಮುಗ್ಧಮುಖ ಹೊತ್ತಿತ್ತು. ಪ್ರತಿದಿನ ನನ್ನ ಜಡೆಗಾಗಿ ಕರಗಿಸುತ್ತಿದ್ದವಳಿಗೆ ಬೋಲ್ಟಿನ ಹೊಟ್ಟೆಯೊಳಗೂ ಚಳಿಯಾಗುತ್ತದೆಂದು ಹೊಳೆದಿರಲಿಲ್ಲ. ಒಳಗಿನ ಸ್ಪ್ರಿಂಗಿನ ಸುತ್ತ ಎಣ್ಣೆ ಹೆಪ್ಪುಗಟ್ಟಿ, ಅದು ಚಿಮ್ಮಿಸುವ ಸೂಜಿ ತೋಟಾವನ್ನು ಕುಟ್ಟಿ ಸಿಡಿಸುವ ಬದಲು ಸುಮ್ಮನೆ ಸವರಿತ್ತು. ಹೇಳದೆ ಗತಿಯಿರಲಿಲ್ಲ. ಹೇಳಿದೆ. ಸೀರೆಯ ವಾಸನೆಯಿಂದ ಆರಂಭಿಸಿ ಗಾಣದವರೆಗೆ ಎಲ್ಲವನ್ನೂ ಹೇಳಿದೆ. ಅವರು ಶೀಶೆಯನ್ನು ಕೈಗೆ ತೆಗೆದುಕೊಂಡು ಒಮ್ಮೆ ಓರೆ ಮಾಡಿ ನೋಡಿ, "ಬೀರು ಬೇರೆ ಮಾಡಿಸ್ಬೇಕು" ಎಂದಷ್ಟೇ ಅಂದರು. ಬೈದಿದ್ದರೆ ಹಗುರಾಗುತ್ತಿತ್ತು. ಚಪ್ಪಲಿ ತರಲು ಎದ್ದುಹೋದ ಅವರ ಬೆನ್ನು ನೋಡಿ, ಗೌರಕ್ಕನ ಬಾಗಿಲು ನನ್ನ ಕೈಯಿಂದಲೇ ಮುಚ್ಚಿಹೋಯಿತೇನೋ ಅನ್ನಿಸಿತು.

ಆ ಬೆಳಗೆಲ್ಲ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅವರು ಉಜ್ಜುವುದು, ನಾನು ಒರೆಸುವುದು. ತುಂಡುತುಂಡಾದ ಅದನ್ನು ಕೊಬ್ಬರಿ ಒಣಗಿಸುವ ಚಾಪೆಯ ಮೇಲೆ ಬಿಸಿಲಿಗೆ ಹರಡಿದೆವು. ಎರಡು ಗಂಟೆಯ ಹೊತ್ತಿಗೆ ಗೌರಕ್ಕನ ಅಂಗಳದಲ್ಲಿ ಆಟೋ ನಿಂತ ಸದ್ದಾಯಿತು. ಗಂಗಾಧರ ನಮ್ಮಲ್ಲಿಗೂ ಬಂದು ಕುಳಿತು, ಕಾಫಿ ಕುಡಿದ.

"ನೀವು ಮಾಡಿದ್ದು ದೊಡ್ದು ಸಾರ್," ಎಂದ. "ಆದ್ರೆ ನರಿ ಇರೋ ಗಂಟ ಅವ್ಳೊಬ್ಳೇ ಹೆಂಗಿರ್ತಾಳೆ? ನರಿ ಇಲ್ಲ ಅಂತಿದ್ರೆ ನಾನ್ಯಾಕೆ ಇಷ್ಟು ದೂರ ಬತ್ತಿದ್ದೆ."

ನಮ್ಮವರು ಅಂಗಳದ ಕಡೆ ತಿರುಗಿದರು. ಉತ್ತರ ಚಾಪೆಯ ಮೇಲೆ ಬಿಡಿಬಿಡಿಯಾಗಿ ಒಣಗುತ್ತಿತ್ತು. ಅವನು ಹೋದ ಮೇಲೆ, ತಡೆಯಲಾರದೆ, ಎಲ್ಲವನ್ನೂ ಜೋಡಿಸಿ, ಅಂಗಡಿಯವರ ಎಣ್ಣೆಯನ್ನು ಒಂದೇ ಹನಿ ಬಿಟ್ಟು, ಮತ್ತೆ ಕೆಟ್ಟಿದೆಯೋ ನೆಟ್ಟಗಾಗಿದೆಯೋ ನೋಡಲು ಏರಿಯ ಕಡೆ ಹೊರಟರು. ನಾನೂ ಹಿಂದೆ ಹೋದೆ. ಮಂಜು ಕರಗಿದ ತೋಟದಲ್ಲಿ ಇಳಿಹೊತ್ತಿನ ಬಿಸಿಲು ಗರಿಗಳ ನಡುವಿನಿಂದ ಸೀಳುಸೀಳಾಗಿ ಇಳಿದು ನೆಲದ ಮೇಲೆ ತೂಗಾಡುತ್ತಿತ್ತು. ಕರಟವನ್ನೂ ಇಡಲಿಲ್ಲ ಅವರು. ಬರಿಯ ಮಣ್ಣಿಗೆ ನಳಿಗೆ ಚಾಚಿ, ನಾನು ಉಸಿರಿನ ಮಾತೆತ್ತುವ ಮೊದಲೇ ಕುದುರೆ ಎಳೆದರು.

ಅಷ್ಟು ಪುಟ್ಟ ಗುಂಡಿನಿಂದ ಅಷ್ಟು ಖಣಿಲು ಸದ್ದು ಹೇಗೆ ಬಂತೋ. ಬೆಳ್ಳಕ್ಕಿಗಳೆದ್ದು ಒಂದು ಸುತ್ತು ಸುತ್ತಿದವು; ಸದ್ದು ಏರಿಗೆ ತಾಗಿ ಮರಳಿ, ಮರದಿಂದ ಮರಕ್ಕೆ ಹಾಯುತ್ತ ಗೌರಕ್ಕನ ಮನೆಯ ಕಡೆ ಹೋಗಿ ಅಡಗಿತು. ಸ್ವಲ್ಪ ಹೊತ್ತಿಗೆ ಮರಗಳ ಸಂದಿನಲ್ಲಿ ಆ ಆಟೋ ಹೊರಟದ್ದು ಕಂಡಿತು. ಹಿಂದಿನ ತೊಟ್ಟಿ ಖಾಲಿಯಿತ್ತು. ಒಂದು ಕುರಿಯೂ ಇಲ್ಲ, ಗೌರಕ್ಕನೂ ಇಲ್ಲ. ಇಬ್ಬರಿಗೂ ಏನೆಂದು ತಿಳಿಯಲಿಲ್ಲ. ಕೇಳಿದರೆ ಎಲ್ಲಿ ಆಟೋ ಹಿಂತಿರುಗುತ್ತದೋ ಎಂಬ ಭಯದಿಂದ ಮಾತಾಡದೆ ಮನೆಗೆ ಬಂದೆವು.

ದೀಪ ಹಚ್ಚುವ ಹೊತ್ತಿಗೆ ಗೌರಕ್ಕ ಬಟ್ಟಲು ಹಿಡಿದು ಬಂದಳು, ಹಾಲಿಗೆ ಹೆಪ್ಪು ಕೇಳಲು. ಹೊಸಿಲಾಚೆ ನಿಂತೇ, ಸೆರಗಿನ ತುದಿ ಸುತ್ತಿಕೊಳ್ಳುತ್ತ, ಯಾರದೋ ಮನೆಯ ಸುದ್ದಿಯಂತೆ ಹೇಳಿದಳು.

"ತಮ್ಮ ಕುರಿ ಹತ್ತುಸ್ತಿದ್ದ ಕಣವ್ವ. ಎರಡು ಹತ್ತಿದ್ವು. ಅಷ್ಟೊತ್ಗೆ ಮೇಷ್ಟ್ರ ಬಂದೂಕ ಢಂ ಅಂತು. ನಾನು ಏನೂ ಯೋಚ್ನೆ ಮಾಡ್ಲಿಲ್ಲ. ಮುಗೀತು ಬುಡು, ನರಿ ಸತ್ತೋಯ್ತು ಅಂದ್ಬುಟ್ಟೆ. ಅವ್ನು ಏರಿ ಕಡೆ ನೋಡ್ದ, ಬೆಳ್ಳಕ್ಕಿ ಹಾರಾಡ್ತಿದ್ವು. ಎರಡ್ನೂ ಇಳಿಸ್ದ. ಇನ್ನೇನಕ್ಕ, ಇನ್ನು ನೀನು ಇಲ್ಲೇ ಇರು ಅಂದ. ಅವ್ನೇನಾರಾ ಬಂದು ಕೇಳಿದ್ರೆ ಮೇಷ್ಟ್ರು ಹೂಂ ಅಂದ್ರೆ ಸಾಕು."

ಒಳಗೆ ಪತ್ರಿಕೆ ಓದುತ್ತಿದ್ದ ನಮ್ಮವರು ಅದನ್ನು ಇನ್ನಷ್ಟು ಮೇಲೆತ್ತಿ ಮುಖ ಮುಚ್ಚಿಕೊಂಡರು. ಸುಳ್ಳಾಡಿ ಗೊತ್ತಿಲ್ಲದ ಮನುಷ್ಯ; ಹೂಂ ಎನ್ನುವುದನ್ನು ಅಭ್ಯಾಸ ಮಾಡಿಸಲು ಇನ್ನೆಷ್ಟು ಭಾನುವಾರ ಚಾಪೆ ಹಾಸಬೇಕೋ ಎಂದು ನನಗೆ ಚಿಂತೆಯಾಯಿತು. ಆದರೂ ಬಟ್ಟಲಿಗೆ ಹೆಪ್ಪು ಹಾಕುತ್ತ ಒಳಗೊಳಗೇ ಏನೋ ತಿಳಿಯಾಗುತ್ತ ಬಂತು. ಇಷ್ಟು ವಾರ ಅಳೆದು, ತಿರುಪು ತಿರುಗಿಸಿ, ಉಸಿರು ಕಾದು ಹೊಡೆಯಲಿದ್ದ ಗುಂಡು ಟಿಕ್ಕೆಂದು ಸುಮ್ಮನಾಯಿತು. ಯಾವ ಗುರಿಯೂ ಇಲ್ಲದೆ ಮಣ್ಣಿಗೆ ಬಿಟ್ಟದ್ದು ಹೋಗಿ ಒಬ್ಬಳ ಬಾಗಿಲನ್ನು ತೆರೆದಿಟ್ಟಿತು. ನಾವು ಪರರಿಗೆ ಮಾಡಿದೆವೆಂದುಕೊಳ್ಳುವ ಉಪಕಾರಗಳು ಬಹುಶಃ ಹೀಗೆಯೇ ನಮ್ಮ ಲೆಕ್ಕದ ಗೇಣಿನಾಚೆ ಎಲ್ಲೋ ಬೀಳುತ್ತವೆ, ಮತ್ತು ಪಡೆದವರೇ ಅದಕ್ಕೊಂದು ಗುರಿ ಕಂಡುಕೊಳ್ಳುತ್ತಾರೆ.

ಬಟ್ಟಲು ಪಡೆದು ಗೌರಕ್ಕ ಮೆಟ್ಟಿಲಿಳಿದಳು. ನಾಲ್ಕು ಹೆಜ್ಜೆ ನಡೆದವಳು ಏನೋ ನೆನೆಸಿಕೊಂಡಂತೆ ನಿಂತು, ತಿರುಗದೆಯೇ ಅಂದಳು: "ಅಂದಂಗೆ ಆ ಸತ್ತೋಗಿರೋ ನರಿ ಈಗ ಏರಿ ಮೇಲೆ ಹೋಯ್ತು ಕಣವ್ವ. ನಾಳೆ ಮೇಷ್ಟ್ರಿಗೆ ವಸಿ ಬೇಗ ಏಳಕ್ಕೆ ಹೇಳು."